ಗ್ರಾನ್ ಟ್ಯುರಿಸ್ಮೊ 7 ಈಗಲೇ ಕೊಳ್ಳಬೇಕೆ, ಮುಂದಿನ ಕಂತಿಗೆ ಕಾಯಬೇಕೆ, ಫೋರ್ಜಾ ಕಡೆಗೆ ಹೊರಳಬೇಕೆ?

ಕನ್ಸೋಲ್‌ನಲ್ಲಿ ಕಾರು ಓಡಿಸುವ ಆಟಗಳನ್ನು ಇಷ್ಟಪಡುವ ಸ್ನೇಹಿತರು ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಸೋನಿಯ ಪ್ಲೇಸ್ಟೇಷನ್‌ಗೆಂದೇ ರೂಪಿಸಿದ ಕಾರು ಓಟದ ಆಟ ಗ್ರಾನ್ ಟ್ಯುರಿಸ್ಮೊ 7 ಬಂದದ್ದು 2022ರ ಮಾರ್ಚ್ 4ರಂದು. ಇಷ್ಟು ತಡವಾಗಿ ಅದಕ್ಕೆ ದುಡ್ಡು ಹಾಕಿ, ಮರುವರ್ಷವೇ ಎಂಟನೆಯದು ಬಂದುಬಿಟ್ಟರೆ ಏನು ಮಾಡುವುದು ಎಂಬುದು ಅವರ ಅಳುಕು. ಇನ್ನೊಂದು ಕಡೆ, ಇಷ್ಟು ಕಾಲ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಮತ್ತು ಪಿಸಿಗೆ ಮೀಸಲಾಗಿದ್ದ, ತೆರೆದ ರಸ್ತೆಗಳಲ್ಲಿ ಸುತ್ತಾಡುವ ಫೋರ್ಜಾ ಹೊರೈಜನ್ 5 ಕೂಡ 2025ರ ಏಪ್ರಿಲ್ 29ರಂದು ಪ್ಲೇಸ್ಟೇಷನ್ 5ಕ್ಕೆ (ಪಿಎಸ್ 5) ಬಂದಿರುವುದರಿಂದ, ಮೊದಲು ಇಲ್ಲದಿದ್ದ ಮೂರನೆಯ ದಾರಿಯೊಂದು ಈಗ ತೆರೆದಿದೆ. ಈ ಮೂರರ ನಡುವೆ ಆರಿಸಿಕೊಳ್ಳಲು ಅನುಕೂಲವಾಗಲಿ ಎಂದು ಈ ಬರಹ.

ಮುಂದಿನ ಕಂತಿನಲ್ಲಿ ಏನೇನು ಇರಬೇಕು ಎಂದು ಅಭಿಮಾನಿಗಳು ಹಂಬಲಿಸುತ್ತಾರೋ ಅದನ್ನೇ ನಾನಿಲ್ಲಿ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಆ ಹಂಬಲಗಳಲ್ಲಿ ಯಾವುದು ಈಗಿರುವ ಆಟದಲ್ಲೇ ಈಡೇರಿದೆ, ಯಾವುದು ಬೇರೆ ಕಂಪನಿಯ ಆಟದಲ್ಲಿ ಸಿಗುತ್ತದೆ, ಯಾವುದಕ್ಕೆ ನಿಜವಾಗಿಯೂ ಕಾಯಲೇಬೇಕು ಎಂಬುದನ್ನು ಬಿಡಿಸಿ ನೋಡಿದರೆ ಆಯ್ಕೆ ತಾನಾಗಿ ಸುಲಭವಾಗುತ್ತದೆ. ಚಿತ್ರದ ಸ್ಪಷ್ಟತೆಯ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಇಲ್ಲಿ ಹೆಸರಿಸುವ ಆಟಗಳೆಲ್ಲವೂ ಕಣ್ಣಿಗೆ ಹಬ್ಬವೇ.

ಕೊಂಡದ್ದು ನಮ್ಮದಾಗಿ ಉಳಿಯುತ್ತದೆಯೇ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಗ್ರಾನ್ ಟ್ಯುರಿಸ್ಮೊ 7ರಲ್ಲಿ ಒಬ್ಬರೇ ಕುಳಿತು ಆಡುವ ಭಾಗವೇ ದೊಡ್ಡದು. ಆದರೂ ಅದನ್ನು ಆಡಲು ಇಂಟರ್ನೆಟ್ ಇರಲೇಬೇಕು, ಏಕೆಂದರೆ ಗಳಿಸಿದ ಹಣ, ಕೊಂಡ ಕಾರು, ಗೆದ್ದ ಪದಕ ಎಲ್ಲವೂ ಕಂಪನಿಯ ಸರ್ವರ್‌ನ ಜೊತೆ ತಾಳೆ ಹಾಕಿಕೊಂಡೇ ದಾಖಲಾಗುತ್ತವೆ. ಇದರ ಬಿಸಿ ಆಟ ಬಂದ ಎರಡೇ ವಾರದಲ್ಲಿ ತಟ್ಟಿತು. 2022ರ ಮಾರ್ಚ್ 17ರಂದು 1.07 ಎಂಬ ಅಪ್‌ಡೇಟ್‌ನಲ್ಲಿ ದೋಷ ಕಂಡುಬಂದು ಸರ್ವರ್‌ಗಳನ್ನು 30 ಗಂಟೆಗೂ ಹೆಚ್ಚು ಕಾಲ ನಿಲ್ಲಿಸಬೇಕಾಯಿತು. ಅಷ್ಟೂ ಹೊತ್ತು, ಡಿಸ್ಕ್ ಕೈಯಲ್ಲಿದ್ದವರು ಕೂಡ ಸಂಗೀತ ರ‍್ಯಾಲಿಯಂಥ ಒಂದೆರಡು ಸಣ್ಣ ಭಾಗಗಳನ್ನು ಬಿಟ್ಟರೆ ಬೇರೇನನ್ನೂ ಆಡಲಾಗಲಿಲ್ಲ. ಆಟದ ಜನಕ ಕಝುನೊರಿ ಯಮಾವುಚಿ ಕ್ಷಮೆ ಕೇಳಿದರು. ಆಟಗಾರರಿಗೆ ಪರಿಹಾರವಾಗಿ ಆಟದೊಳಗಿನ 10 ಲಕ್ಷ ಕ್ರೆಡಿಟ್ ಕೊಡಲಾಯಿತು.

ಜಪಾನಿನ ಸರ್ವರ್ ನಿಲ್ಲುವುದು ಅಪರೂಪ, ಅದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿದ್ದಾರೆ. ತೀರ್ಥಹಳ್ಳಿಯ ಕಡೆ ಮನೆ ಇರುವವರಿಗೆ ಉತ್ತರ ಹೇಳಿಕೊಡಬೇಕಾಗಿಲ್ಲ. ಎರಡು ವರ್ಷದ ಹಿಂದೆ ಆಷಾಢದ ಒಂದು ಸಂಜೆ, ಅಕ್ಕನ ಮಗ ರಜೆಗೆ ಬಂದಿದ್ದ. ಮಧ್ಯಾಹ್ನವೇ ಎಲ್ಲೋ ಮರ ಬಿದ್ದು ಕರೆಂಟು ಹೋಗಿತ್ತು. ನಮ್ಮ ಇನ್ವರ್ಟರ್ ಟಿವಿಯನ್ನೂ ಕನ್ಸೋಲನ್ನೂ ಒಂದಿಷ್ಟು ಹೊತ್ತು ತಡೆಯುತ್ತದೆ, ರೌಟರಿನ ಹಸಿರು ದೀಪವೂ ಉರಿಯುತ್ತಿತ್ತು. ಆದರೆ ಬೀದಿಯ ತುದಿಯಲ್ಲಿದ್ದ ಕೇಬಲ್‌ನವರ ಪೆಟ್ಟಿಗೆಗೆ ಕರೆಂಟು ಇರಲಿಲ್ಲವಾದ್ದರಿಂದ ಇಂಟರ್ನೆಟ್ ಸತ್ತಿತ್ತು. ಆಟ ತೆರೆಯಿತು, ಆರಂಭದ ಸಂಗೀತ ಬಂತು, ಆಮೇಲೆ ಸರ್ವರ್ ಸಿಗುತ್ತಿಲ್ಲ ಎಂಬ ಒಂದು ಸಾಲು ಪರದೆಯ ಮೇಲೆ ನಿಂತುಬಿಟ್ಟಿತು. "ಮಾವ, ಇದು ನಮ್ದೇ ಡಿಸ್ಕ್ ಅಲ್ವಾ? ಮತ್ಯಾಕೆ ಒಳಗೆ ಬಿಡ್ತಾ ಇಲ್ಲ?" ಎಂದು ಅವನು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಕಂತಿನ ಬಗ್ಗೆ ನಾನು ಇಟ್ಟುಕೊಂಡಿರುವ ಮೊದಲ ಆಸೆ ಆ ಹುಡುಗನ ಪ್ರಶ್ನೆಯಿಂದಲೇ ಹುಟ್ಟಿದ್ದು.

ಈ ಆಸೆಯ ಹಿಂದೆ ಒಂದು ದೊಡ್ಡ ಭಯವೂ ಇದೆ. ಯೂಬಿಸಾಫ್ಟ್‌ನ ದಿ ಕ್ರೂ ಎಂಬ ರೇಸಿಂಗ್ ಆಟ 2014ರಲ್ಲಿ ಬಂತು. ಅದೂ ಸದಾ ಸಂಪರ್ಕ ಬೇಡುವ ಆಟವೇ. 2024ರ ಮಾರ್ಚ್ 31ರಂದು ಅದರ ಸರ್ವರ್ ಮುಚ್ಚಿದಾಗ, ಹಣ ಕೊಟ್ಟು ಕೊಂಡವರ ಕೈಯಲ್ಲಿ ಉಳಿದದ್ದು ಬರೀ ಪ್ಲಾಸ್ಟಿಕ್ ತಟ್ಟೆ. ಆಟಗಳನ್ನು ಕೊಲ್ಲಬೇಡಿ ಎಂಬ ಚಳವಳಿ ಹುಟ್ಟಿಕೊಂಡದ್ದು ಇದರಿಂದಲೇ. ಯುರೋಪಿಯನ್ ಒಕ್ಕೂಟದ ಮುಂದೆ ಅದು ಇಟ್ಟ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಒತ್ತಾಯ ವ್ಯರ್ಥವಾಗಲಿಲ್ಲ: ಅದೇ ಕಂಪನಿ ದಿ ಕ್ರೂ 2 ಆಟಕ್ಕೆ ಇಂಟರ್ನೆಟ್ ಇಲ್ಲದೆ ಆಡುವ ದಾರಿಯನ್ನು 2025ರಲ್ಲಿ ಒದಗಿಸಿತು.

ಈ ವಿಷಯದಲ್ಲಿ ಗ್ರಾನ್ ಟ್ಯುರಿಸ್ಮೊ ಕಟ್ಟುವ ಪಾಲಿಫೋನಿ ಡಿಜಿಟಲ್‌ನವರ ಹಿಂದಿನ ನಡವಳಿಕೆ ನನಗೆ ಧೈರ್ಯ ಕೊಡುತ್ತದೆ. ಏಳನೆಯದಕ್ಕಿಂತ ಮೊದಲು ಬಂದ ಗ್ರಾನ್ ಟ್ಯುರಿಸ್ಮೊ ಸ್ಪೋರ್ಟ್‌ನ ಸರ್ವರ್‌ಗಳನ್ನು ಅವರು 2024ರ ಜನವರಿ 31ರಂದು ಮುಚ್ಚಿದರು. ಆದರೆ ಮುಚ್ಚುವ ಮೊದಲೇ, ಒಬ್ಬರೇ ಆಡುವ ಭಾಗಗಳು ಸಂಪರ್ಕವಿಲ್ಲದೆ ನಡೆಯುವಂತೆ ಆಟವನ್ನು ಮಾರ್ಪಡಿಸಿಕೊಟ್ಟರು. ಏಳನೆಯದಕ್ಕೂ ಮುಂದೊಂದು ದಿನ ಹೀಗೇ ಮಾಡಬಹುದು ಎಂದು ನಂಬಲು ಕಾರಣವಿದೆ, ಆದರೆ ನಂಬಿಕೆ ಬೇರೆ, ಪೆಟ್ಟಿಗೆಯ ಮೇಲೆ ಅಚ್ಚಾದ ಭರವಸೆ ಬೇರೆ. ಎಂಟನೆಯದು ಮೊದಲ ದಿನದಿಂದಲೇ ಸಂಪರ್ಕವಿಲ್ಲದೆ ನಡೆಯಬೇಕು ಎಂದು ಅಭಿಮಾನಿಗಳು ಪಟ್ಟು ಹಿಡಿಯುತ್ತಿರುವುದು ಅದಕ್ಕೇ.

ಫೋರ್ಜಾ ಕಡೆ ನೋಡಿದರೆ ಚಿತ್ರ ಮಿಶ್ರವಾಗಿದೆ. ಹೊರೈಜನ್ ಸರಣಿ ಒಬ್ಬರೇ ಆಡುವವರ ಮೇಲೆ ಸದಾ ಸಂಪರ್ಕದ ಕಟ್ಟಳೆಯನ್ನು ಹೇರಿಲ್ಲ. ಪ್ಲೇಸ್ಟೇಷನ್‌ನಲ್ಲಿ ಹೊರೈಜನ್ 5 ಆಡಲು ಮೈಕ್ರೋಸಾಫ್ಟ್ ಖಾತೆಯೊಂದನ್ನು ಜೋಡಿಸಬೇಕು ಎಂಬುದನ್ನು ಮಾತ್ರ ಕೊಳ್ಳುವ ಮೊದಲೇ ತಿಳಿದಿರಬೇಕು. ಆದರೆ 2023ರ ಅಕ್ಟೋಬರ್ 10ರಂದು ಬಂದ, ಟ್ರ್ಯಾಕ್ ಓಟದ ಇನ್ನೊಂದು ಸರಣಿಯಾದ ಫೋರ್ಜಾ ಮೋಟಾರ್‌ಸ್ಪೋರ್ಟ್, ಒಬ್ಬರೇ ಆಡುವ ತನ್ನ ಕೆರಿಯರ್ ಭಾಗಕ್ಕೂ ಸಂಪರ್ಕ ಕಡ್ಡಾಯ ಎಂದು ಗ್ರಾನ್ ಟ್ಯುರಿಸ್ಮೊದ ತಪ್ಪನ್ನೇ ಮಾಡಿತು. ಇನ್ನೊಂದು ಮಾತು: ಫೋರ್ಜಾ ಆಟಗಳು ಕಾರು ಮತ್ತು ಹಾಡುಗಳ ಪರವಾನಗಿ ಮುಗಿದೊಡನೆ ಅಂಗಡಿಯಿಂದ ಮರೆಯಾಗುತ್ತವೆ. ಹೊರೈಜನ್ 3 ಹೋದದ್ದು 2020ರ ಸೆಪ್ಟೆಂಬರಿನಲ್ಲಿ, ಮೋಟಾರ್‌ಸ್ಪೋರ್ಟ್ 7 ಹೋದದ್ದು ಅದರ ಮರುವರ್ಷ, ಹೊರೈಜನ್ 4 ಹೋದದ್ದು 2024ರ ಡಿಸೆಂಬರ್ 15ರಂದು. ಮೊದಲೇ ಕೊಂಡವರು ಮತ್ತೆ ಡೌನ್‌ಲೋಡ್ ಮಾಡಿಕೊಂಡು ಆಡಬಹುದು, ಹೊಸಬರಿಗೆ ಸಿಗುವುದಿಲ್ಲ. ಆದ್ದರಿಂದ ಹೊರೈಜನ್ 5 ಬೇಕೆನ್ನುವವರು ತೀರಾ ಮುಂದೂಡುವುದು ಒಳ್ಳೆಯದಲ್ಲ.

ಓಟವೋ, ಬೆನ್ನಟ್ಟುವಿಕೆಯೋ

ಏಳನೆಯ ಕಂತಿನ ಮೇಲೆ ಹಳೆಯ ಅಭಿಮಾನಿಗಳಿಗಿರುವ ಅತಿ ದೊಡ್ಡ ಬೇಸರ ಅದರ ಓಟಗಳ ಸ್ವರೂಪದ ಬಗ್ಗೆ. ಕಾಫಿ ಅಂಗಡಿಯೊಂದರಲ್ಲಿ ಕುಳಿತ ಲೂಕಾ ಎಂಬಾತ ಒಂದರ ಹಿಂದೆ ಒಂದು ಮೆನು ಕಾರ್ಡ್ ಕೊಡುತ್ತಾನೆ. ಅದರಲ್ಲಿರುವ ಮೂರು ಕಾರುಗಳನ್ನು ಗೆದ್ದು ತಂದರೆ ಅವುಗಳ ಚರಿತ್ರೆಯನ್ನು ಹೇಳುತ್ತಾನೆ. ಆಟ ಬಂದಾಗ ಇಂಥ 39 ಮೆನುಗಳಿದ್ದವು. ಕಾರುಗಳ ಬಗ್ಗೆ ಏನೂ ಗೊತ್ತಿಲ್ಲದವರಿಗೆ ಇದು ಬಹಳ ಒಳ್ಳೆಯ ಪಾಠಶಾಲೆ ಎಂದು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಆ ಮೆನುಗಳ ಒಳಗಿನ ಓಟ ಹೇಗಿರುತ್ತದೆ? ಹೆಚ್ಚಿನವು ನಿಂತಲ್ಲಿಂದ ಹೊರಡುವ ಓಟಗಳಲ್ಲ. ಕಾರುಗಳು ಉದ್ದನೆಯ ಸಾಲಿನಲ್ಲಿ ಆಗಲೇ ಓಡುತ್ತಿರುತ್ತವೆ, ನಾವು ಸಾಲಿನ ಕಟ್ಟಕಡೆಯಲ್ಲಿರುತ್ತೇವೆ, ಎಷ್ಟೋ ಓಟಗಳಲ್ಲಿ ಮುಂಚೂಣಿಯ ಕಾರು ನಮಗಿಂತ ಅರ್ಧ ನಿಮಿಷಕ್ಕೂ ಹೆಚ್ಚು ಮುಂದಿರುತ್ತದೆ. ಒಂದೊಂದೇ ಕಾರನ್ನು ದಾಟುತ್ತಾ ಹೋಗಿ, ಕೊನೆಯ ಸುತ್ತಿನಲ್ಲಿ ಮೊದಲನೆಯವನನ್ನು ಹಿಡಿದರೆ ಗೆಲುವು. ಹೊರಡುವ ಸ್ಥಾನ ನಿರ್ಧರಿಸುವ ಅರ್ಹತಾ ಸುತ್ತು ಇಲ್ಲ, ಗೆರೆಯ ಮೇಲೆ ಉಸಿರು ಬಿಗಿಹಿಡಿದು ದೀಪ ಆರುವುದನ್ನು ಕಾಯುವ ಕ್ಷಣವಿಲ್ಲ, ಪಕ್ಕದ ಕಾರಿನ ಜೊತೆ ಮೂರು ತಿರುವುಗಳವರೆಗೆ ಸೆಣಸುವ ಸುಖವಿಲ್ಲ. ಇದು ಬೆನ್ನಟ್ಟುವಿಕೆ. ಓಟ ಅಂದರೆ ಬೇರೆ.

ಮೋಟಾರ್‌ಸ್ಪೋರ್ಟ್ ಈ ಒಂದು ವಿಷಯದಲ್ಲಿ ಮೇಲುಗೈ ಪಡೆಯುತ್ತದೆ. ಪ್ರತಿ ಓಟಕ್ಕೂ ಮೊದಲು ಅಭ್ಯಾಸದ ಸುತ್ತುಗಳಿವೆ. ಆಮೇಲೆ ಎಷ್ಟನೆಯ ಸ್ಥಾನದಿಂದ ಹೊರಡುತ್ತೇನೆ, ಎದುರಾಳಿಗಳು ಎಷ್ಟು ಚುರುಕಾಗಿರಲಿ ಎಂಬುದನ್ನು ನಾವೇ ಆರಿಸಿಕೊಳ್ಳಬಹುದು. ಹೆಚ್ಚು ಹಿಂದಿನಿಂದ ಹೊರಟವರಿಗೆ ಹೆಚ್ಚು ಬಹುಮಾನ. ಗ್ರಾನ್ ಟ್ಯುರಿಸ್ಮೊದವರು ಕಣ್ಣು ಮುಚ್ಚಿ ಎತ್ತಿಕೊಳ್ಳಬಹುದಾದ ವ್ಯವಸ್ಥೆ ಇದು. ಆದರೆ ಅದೇ ಆಟ, ಕಾರನ್ನು 50 ಮಟ್ಟಗಳವರೆಗೆ ಬೆಳೆಸಿದರೆ ಮಾತ್ರ ಎಲ್ಲ ಬಿಡಿಭಾಗಗಳೂ ದೊರೆಯುತ್ತವೆ ಎಂಬ ನಿಯಮ ಇಟ್ಟು ಆಟಗಾರರ ಕೋಪಕ್ಕೆ ಗುರಿಯಾಯಿತು. ಹೊಸದಾಗಿ ಕೊಂಡ ಕಾರಿಗೆ ಒಳ್ಳೆಯ ಟೈರ್ ಹಾಕಲು ಗಂಟೆಗಟ್ಟಲೆ ಓಡಿಸಬೇಕಾಗಿತ್ತು. 2024ರಲ್ಲಿ ಅದನ್ನು ಸಡಿಲಿಸಿದರು, ಅಷ್ಟರಲ್ಲಿ ಅನೇಕರು ಆಟವನ್ನೇ ಬಿಟ್ಟಿದ್ದರು. 2025ರ ಜುಲೈನಲ್ಲಿ ಮೈಕ್ರೋಸಾಫ್ಟ್ ನಡೆಸಿದ ಉದ್ಯೋಗ ಕಡಿತದಲ್ಲಿ ಅದನ್ನು ಕಟ್ಟಿದ ಟರ್ನ್ 10 ಸಂಸ್ಥೆಗೂ ದೊಡ್ಡ ಪೆಟ್ಟು ಬಿತ್ತು. ಹೀಗಾಗಿ ಆ ಸರಣಿಯ ಮುಂದಿನ ಕಂತನ್ನು ನಂಬಿ ಇಂದು ಎಕ್ಸ್‌ಬಾಕ್ಸ್ ಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ.

ಎದುರಾಳಿ ಕಾರುಗಳ ಬುದ್ಧಿಯ ವಿಷಯಕ್ಕೆ ಬಂದರೆ ನನ್ನ ಆಶಾವಾದ ಹೆಚ್ಚು. ಸೋನಿಯ ಸಂಶೋಧಕರೂ ಪಾಲಿಫೋನಿಯವರೂ ಸೇರಿ ಸೋಫಿ ಎಂಬ ಕೃತಕ ಬುದ್ಧಿಮತ್ತೆಯ ಚಾಲಕನನ್ನು ರೂಪಿಸಿದ್ದಾರೆ. 2021ರ ಜುಲೈನಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರರ ಎದುರು ತಂಡದ ಅಂಕಗಳಲ್ಲಿ ಸೋತಿದ್ದ ಅದು, ಕಲಿತು ಬಂದು ಅದೇ ವರ್ಷದ ಅಕ್ಟೋಬರಿನಲ್ಲಿ ಗೆದ್ದಿತು; ಆ ಸಂಶೋಧನೆ 2022ರ ಫೆಬ್ರುವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2023ರ ನವೆಂಬರಿನ ಅಪ್‌ಡೇಟ್‌ನಿಂದ ಪಿಎಸ್ 5ರಲ್ಲಿ ಆಯ್ದ ಟ್ರ್ಯಾಕ್‌ಗಳ ಮೇಲೆ ಅದರ ಜೊತೆ ಓಡಬಹುದು. ಓಡಿ ನೋಡಿದವರಿಗೆ ವ್ಯತ್ಯಾಸ ಮೊದಲ ತಿರುವಿನಲ್ಲೇ ತಿಳಿಯುತ್ತದೆ. ಹಳೆಯ ಎದುರಾಳಿಗಳು ಹಳಿಯ ಮೇಲಿನ ಬೋಗಿಗಳಂತೆ ತಮ್ಮ ಗೆರೆಯನ್ನು ಬಿಡುವುದಿಲ್ಲ. ಸೋಫಿ ನಮಗೆ ಜಾಗ ಬಿಡುತ್ತದೆ, ನಾವು ತಡವಾಗಿ ಬ್ರೇಕ್ ಒತ್ತಿ ಹೊರಕ್ಕೆ ಜಾರಿದೆವೋ, ಒಳಗಿನಿಂದ ನುಸುಳಿ ಮುಂದೆ ಹೋಗಿಬಿಡುತ್ತದೆ. ಮೂಲ ಆಟದ ಮೆನು ಓಟಗಳಿಗೆ ಮಾತ್ರ ಈ ಸುಖ ಬರಲೇ ಇಲ್ಲ.

2025ರ ಡಿಸೆಂಬರಿನಲ್ಲಿ ಬಂದ ಪವರ್ ಪ್ಯಾಕ್ ಎಂಬ ಹೆಚ್ಚುವರಿ ಭಾಗ ಈ ಕೊರತೆಯನ್ನು ಬಹುಪಾಲು ತುಂಬುತ್ತದೆ. ಅಭ್ಯಾಸ, ಅರ್ಹತಾ ಸುತ್ತು, ಅಂತಿಮ ಓಟ ಎಂಬ ಕ್ರಮ, 24 ಗಂಟೆಯ ದೀರ್ಘ ಓಟ, ಸೋಫಿಯ ಹೊಸ ರೂಪ, ಎಲ್ಲವೂ ಅದರಲ್ಲಿವೆ. ಆದರೆ ಅದಕ್ಕೆ ಬೇರೆ ಹಣ ಕೊಡಬೇಕು, ಮತ್ತು ಅದು ಪಿಎಸ್ 5ಕ್ಕೆ ಮಾತ್ರ. ಮುಂದಿನ ಕಂತು ಹೇಗಿರುತ್ತದೆ ಎಂಬುದರ ಒಂದು ನೋಟ ಬೇಕಿದ್ದರೆ ಇದೇ ಇರಬೇಕು ಎಂಬುದು ನನ್ನ ಊಹೆ. ಹಿಂದೆ ಮೂಲ ಆಟದೊಳಗೇ ಇರುತ್ತಿದ್ದುದನ್ನು ಈಗ ಬಿಡಿಯಾಗಿ ಮಾರುವುದು ಸರಿಯೇ ಎಂಬ ಹಳೆಯ ಅಭಿಮಾನಿಗಳ ಪ್ರಶ್ನೆ ನ್ಯಾಯವಾದದ್ದೇ. ಗ್ರಾನ್ ಟ್ಯುರಿಸ್ಮೊ 4ರಲ್ಲಿ 24 ಗಂಟೆಯ ಓಟಗಳು ಆಟದ ಬೆಲೆಯಲ್ಲೇ ಸೇರಿದ್ದವು.

ಬೇಸರಗಳನ್ನು ಇಷ್ಟು ಉದ್ದಕ್ಕೆ ಬರೆದ ಮೇಲೆ, ಏಳನೆಯದು ಬೇರೆಲ್ಲೂ ಸಿಗದ ಏನನ್ನು ಕೊಡುತ್ತದೆ ಎಂಬುದನ್ನೂ ಹೇಳಲೇಬೇಕು. ಫ್ರಾನ್ಸಿನ ಲ ಮಾನ್ ಟ್ರ್ಯಾಕ್‌ನಲ್ಲಿ 30 ನಿಮಿಷದ ಓಟವೊಂದಿದೆ. ಪರದೆಯ ಕೆಳಗೆ ಒಂದು ಸಣ್ಣ ಮಳೆಯ ನಕ್ಷೆ; ಅದರಲ್ಲಿ ನೀಲಿ ಮೋಡಗಳು ಟ್ರ್ಯಾಕ್‌ನ ಗೆರೆಯತ್ತ ತೆವಳಿ ಬರುತ್ತಿರುತ್ತವೆ. ಟೈರ್ ಬದಲಿಸುವ ಪಿಟ್ ದಾಟುವಾಗ ಇನ್ನೂ ಬಿಸಿಲು, ಆದರೆ ದೂರದ ಕೊನೆಯ ತಿರುವಿನಲ್ಲಿ ಆಗಲೇ ಹನಿ ಶುರುವಾಗಿರಬಹುದು. ಈ ಸುತ್ತಿನಲ್ಲೇ ಒಳಹೋಗಿ ಮಳೆಯ ಟೈರ್ ಹಾಕಿಸುವುದೋ, ಇದು ಹನಿದು ಹೋಗುವ ಮೋಡ ಎಂದು ನಂಬಿ ಇನ್ನೊಂದು ಸುತ್ತು ತಳ್ಳುವುದೋ? ಒಮ್ಮೆ ಹಾಗೆ ನಂಬಿ ಮುಂದೆ ಹೋದೆ. ಉದ್ದನೆಯ ನೇರ ರಸ್ತೆಯಲ್ಲಿ ನೀರು ನಿಂತು ಹಿಂದಿನ ಚಕ್ರಗಳು ತೇಲಿದ್ದು ಕಂಟ್ರೋಲರಿನ ನಡುಕದಲ್ಲೇ ಗೊತ್ತಾಯಿತು. ಬ್ರೇಕಿನ ಗುಂಡಿ ಬೆರಳಿಗೆ ಸಡಿಲಾಯಿತು, ಗೋಡೆ ಹತ್ತಿರ ಬಂತು. ಮಳೆ ನಿಂತ ಮೇಲೆ ಇನ್ನೊಂದು ಸೊಗಸು: ಕಾರುಗಳು ಓಡಾಡಿದ ಜಾಡಷ್ಟೇ ಮೊದಲು ಒಣಗುತ್ತಾ ಬಂದು, ಹೊಳೆಯುವ ಒದ್ದೆ ಟಾರಿನ ನಡುವೆ ಮಬ್ಬು ಬೂದಿಬಣ್ಣದ ಗೆರೆಯೊಂದು ಮೂಡುತ್ತದೆ. ಮುಂಗಾರಿನ ಘಾಟಿ ರಸ್ತೆಯಲ್ಲಿ ಬಸ್ಸಿನ ಜಾಡು ನೋಡಿದವರಿಗೆ ಅದು ಎಷ್ಟು ನಿಜ ಎಂದು ಗೊತ್ತು. ಇಂಥ ಓಟಗಳು ಮೂಲ ಆಟದಲ್ಲಿ ಬೆರಳೆಣಿಕೆಯಷ್ಟೇ ಇವೆ ಎಂಬುದೇ ನನ್ನ ದೂರು, ಇಲ್ಲ ಎಂಬುದಲ್ಲ.

ಕ್ರೆಡಿಟ್‌ಗಳ ಲೆಕ್ಕ

ಆಟದೊಳಗಿನ ಹಣದ ವಿಷಯದಲ್ಲಿ ಏಳನೆಯದು ಕೈಬಿಗಿ. ಹಳೆಯ ದಂತಕಥೆಯಂಥ ಕಾರುಗಳನ್ನು ಮಾರುವ ಅಂಗಡಿಯಲ್ಲಿ ಬೆಲೆ 2 ಕೋಟಿ ಕ್ರೆಡಿಟ್‌ವರೆಗೂ ಏರುತ್ತದೆ, ಅಷ್ಟೇ ಅಲ್ಲ, ಆ ಕಾರು ಕೆಲವು ದಿನ ಮಾತ್ರ ಅಂಗಡಿಯಲ್ಲಿದ್ದು ಮಾಯವಾಗುತ್ತದೆ. ನಿಜವಾದ ಹಣಕ್ಕೆ ಕ್ರೆಡಿಟ್ ಮಾರುವ ವ್ಯವಸ್ಥೆಯೂ ಇದೆ. ಅಮೆರಿಕದಲ್ಲಿ 20 ಲಕ್ಷ ಕ್ರೆಡಿಟ್‌ಗೆ 20 ಡಾಲರ್ ಇಟ್ಟಿದ್ದರು. ಅಂದರೆ 2 ಕೋಟಿಯ ಒಂದೇ ಕಾರಿಗೆ 200 ಡಾಲರ್! ಆಟದ ಬೆಲೆಯ ಸುಮಾರು ಮೂರು ಪಟ್ಟು. ಇಷ್ಟು ಸಾಲದೆಂಬಂತೆ, ಸರ್ವರ್ ನಿಂತ ಅದೇ ಮಾರ್ಚ್‌ನಲ್ಲಿ ಹಲವು ಓಟಗಳ ಬಹುಮಾನವನ್ನೂ ಇಳಿಸಿದರು. ಜನ ರೊಚ್ಚಿಗೆದ್ದರು, ವಿಮರ್ಶೆಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ ಬಳಕೆದಾರರು ಕೊಟ್ಟ ಅಂಕ 10ಕ್ಕೆ 2ರ ಆಸುಪಾಸಿಗೆ ಕುಸಿಯಿತು. ಏಪ್ರಿಲ್‌ನಲ್ಲಿ ಬಹುಮಾನಗಳನ್ನು ಏರಿಸಿ ಸಮಾಧಾನ ಮಾಡಿದರು.

ಈಗಿನ ಸ್ಥಿತಿಯಲ್ಲಿ, ಮೇಲೆ ಹೇಳಿದ ಲ ಮಾನ್ ಓಟವನ್ನು ಯಾರಿಗೂ ತಾಗದೆ ಗೆದ್ದರೆ 8,25,000 ಕ್ರೆಡಿಟ್ ಸಿಗುತ್ತದೆ. 2 ಕೋಟಿಗೆ ಇಂಥ 25 ಓಟ, ಅಂದರೆ ಹನ್ನೆರಡೂವರೆ ಗಂಟೆ. ವಾರಕ್ಕೆ ಮೂರು ಗಂಟೆ ಬಿಡುವು ಸಿಗುವ ಗೃಹಸ್ಥನಿಗೆ ಅದು ಒಂದು ತಿಂಗಳ ದುಡಿಮೆ. ಹೊರೈಜನ್ 5 ಇದಕ್ಕೆ ನೇರ ವಿರುದ್ಧ: ಅಲ್ಲಿ ಏನು ಮಾಡಿದರೂ ಬಹುಮಾನ, ಮೊದಲ ದಿನವೇ ಸೂಪರ್ ಕಾರು ಕೈಗೆ ಬರುತ್ತದೆ. ಕಷ್ಟಪಟ್ಟು ಕೊಂಡ ಕಾರಿನ ಮೇಲೆ ಹುಟ್ಟುವ ಮಮತೆ ಅಲ್ಲಿ ನನಗೆ ಹುಟ್ಟಲಿಲ್ಲ. ನನ್ನ ಆಸೆ ಎರಡರ ನಡುವಿನದು, ಬೆಲೆ ಹೆಚ್ಚಿರಲಿ, ಆದರೆ ಅದನ್ನು ಗಳಿಸುವ ದಾರಿಗಳು ನೂರಿರಲಿ. ಒಂದೇ ಓಟವನ್ನು 25 ಸಲ ಓಡಿಸುವಂತೆ ಆಗಬಾರದು.

ಕಾರು ಮತ್ತು ಟ್ರ್ಯಾಕ್

ಇದನ್ನು ಬೇಗ ಮುಗಿಸಬಹುದು. ಏಳನೆಯದು 400ಕ್ಕೂ ಹೆಚ್ಚು ಕಾರುಗಳಿಂದ ಹೊರಟು, ಉಚಿತ ಅಪ್‌ಡೇಟ್‌ಗಳ ಮೂಲಕ 500 ದಾಟಿದೆ. ಆರನೆಯದರಲ್ಲಿ ಸುಮಾರು 1,200 ಇದ್ದವಲ್ಲ ಎಂದು ಹೇಳುವವರು, ಅವುಗಳಲ್ಲಿ ಬಹಳಷ್ಟು ಪಿಎಸ್ 2ರ ಕಾಲದ ಒರಟು ಮಾದರಿಗಳು ಎಂಬುದನ್ನು ಮರೆಯಬಾರದು. ಸಂಖ್ಯೆಗಿಂತ ವೈವಿಧ್ಯ ಮುಖ್ಯ, ಮತ್ತು ದಿನನಿತ್ಯದ ಕಾರುಗಳು ಈ ಸರಣಿಯ ಜೀವ. ಏಳನೆಯದರಲ್ಲಿ ಮೊದಲ ಕಾರಾಗಿ ಕೊಳ್ಳಲು ಬರುವ ಮೂರರಲ್ಲಿ ಒಂದು ಹೋಂಡಾ ಫಿಟ್, ಅಂದರೆ ನಮ್ಮ ರಸ್ತೆಗಳಲ್ಲಿ ಜಾಝ್ ಎಂಬ ಹೆಸರಿನಲ್ಲಿ ಓಡಾಡಿದ ಕಾರೇ. ಪಕ್ಕದ ಮನೆಯವರ ಕಾರನ್ನು ಸುಜುಕಾ ಟ್ರ್ಯಾಕ್‌ಗೆ ಒಯ್ದ ಆ ಸಂತೋಷವನ್ನು ಹೊರೈಜನ್‌ನ ಯಾವ ಲ್ಯಾಂಬೊರ್ಗಿನಿಯೂ ನನಗೆ ಕೊಟ್ಟಿಲ್ಲ.

ಟ್ರ್ಯಾಕ್‌ಗಳಲ್ಲಿ, ಬಂದಾಗ 34 ಸ್ಥಳಗಳ 97 ವಿನ್ಯಾಸಗಳಿದ್ದವು, ಅನಂತರ ಗ್ರ್ಯಾಂಡ್ ವ್ಯಾಲಿ, ಐಗರ್ ನಾರ್ಡ್‌ವಾಂಡ್‌ನಂಥ ಹಳೆಯವು ಮರಳಿದವು. ಮಿಡ್‌ಫೀಲ್ಡ್, ರಾತ್ರಿಯ ಸ್ಪೆಷಲ್ ಸ್ಟೇಜ್ ರೂಟ್ 5 ಇಂಥವಕ್ಕಾಗಿ ಹಂಬಲ ಇನ್ನೂ ತಣಿದಿಲ್ಲ. ಐದು ಮತ್ತು ಆರನೆಯ ಕಂತುಗಳಲ್ಲಿದ್ದ, ನಮ್ಮದೇ ಟ್ರ್ಯಾಕ್ ಕಟ್ಟಿಕೊಳ್ಳುವ ಸೌಲಭ್ಯ ಮರಳಲಿ ಎಂಬ ಬೇಡಿಕೆಯೂ ಇದೆ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್, ಭಾರತದಲ್ಲಿ ಫಾರ್ಮುಲಾ 1 ನಡೆದ 2011ರಿಂದ 2013ರವರೆಗಿನ ಕೋಡ್‌ಮಾಸ್ಟರ್ಸ್ ಕಂಪನಿಯ ಎಫ್1 ಆಟಗಳಲ್ಲಿತ್ತು. ಎಂಟನೆಯದರಲ್ಲಿ ಅದನ್ನು ಕಾಣಬೇಕೆಂಬುದು ನನ್ನ ಸ್ವಂತ ಆಸೆ.

ಪಕ್ಕದಲ್ಲಿ ಕೂತವರಿಗೂ ಒಂದು ಕಂಟ್ರೋಲರ್

ಅಣ್ಣ ತಮ್ಮ, ಗಂಡ ಹೆಂಡತಿ ಒಂದೇ ಸೋಫಾದಲ್ಲಿ ಕುಳಿತು ಆಡಬೇಕೆನ್ನುವ ಮನೆಯಾಗಿದ್ದರೆ ಉಳಿದ ಚರ್ಚೆಯನ್ನು ಬದಿಗಿಟ್ಟು ಇದೊಂದನ್ನೇ ನೋಡಿದರೆ ಸಾಕು. ಪರದೆಯನ್ನು ಪಾಲು ಮಾಡಿಕೊಂಡು ಆಡುವ ಸೌಲಭ್ಯ ಹೊರೈಜನ್ 5ರಲ್ಲಿ ಇಲ್ಲ, 2023ರ ಮೋಟಾರ್‌ಸ್ಪೋರ್ಟ್‌ನಿಂದಲೂ ಅದನ್ನು ಕಿತ್ತುಹಾಕಿದರು. ಗ್ರಾನ್ ಟ್ಯುರಿಸ್ಮೊ 7ರಲ್ಲಿ ಇಬ್ಬರು ಆಡಬಹುದು. 2023ರ ನವೆಂಬರಿನಿಂದ ಪಿಎಸ್ 5ರಲ್ಲಿ ನಾಲ್ವರಿಗೂ ಅವಕಾಶವಿದೆ. ಮನೆಯಲ್ಲಿ ಸಣ್ಣ ಮಕ್ಕಳೇ ಹೆಚ್ಚಿದ್ದು, ಕನ್ಸೋಲ್ ಇನ್ನೂ ಕೊಂಡಿಲ್ಲವಾದರೆ, 2025ರ ಜೂನ್ 5ರಂದು ನಿಂಟೆಂಡೊ ಸ್ವಿಚ್ 2ರ ಜೊತೆ ಬಂದ ಮಾರಿಯೊ ಕಾರ್ಟ್ ವರ್ಲ್ಡ್ ಕಡೆಗೂ ಒಮ್ಮೆ ನೋಡಬಹುದು. ಅದು ಬೇರೆಯೇ ಜಾತಿಯ ಆಟ.

ಸ್ಟೀರಿಂಗ್ ವ್ಹೀಲ್ ಇಟ್ಟುಕೊಂಡವರಿಗೂ, ಆಟದ ಒಳಗೇ ಕೂತಂತೆ ತೋರಿಸುವ ವಿಆರ್ ಸಾಧನವನ್ನು ಕಣ್ಣಿಗೆ ಕಟ್ಟಿಕೊಳ್ಳುವವರಿಗೂ ಉತ್ತರ ಇನ್ನೂ ಸರಳ. 2023ರ ಫೆಬ್ರುವರಿ 22ರಿಂದ, ಪಾಲು ಪರದೆಯೊಂದನ್ನು ಬಿಟ್ಟರೆ ಇಡೀ ಏಳನೆಯ ಆಟವನ್ನು ಪಿಎಸ್ ವಿಆರ್ 2ರಲ್ಲಿ ಆಡಬಹುದು. ಈ ಹೋಲಿಕೆಯ ಬೇರೆ ಯಾವ ಕನ್ಸೋಲ್ ಆಟವೂ ಅದಕ್ಕೆ ಸಮನಾಗಿ ನಿಲ್ಲುವುದಿಲ್ಲ.

ಕಾಯುವುದಾದರೆ ಎಷ್ಟು ಕಾಲ

ಎಂಟನೆಯದಕ್ಕೆ ನಾನಿದನ್ನು ಬರೆಯುವ ಹೊತ್ತಿಗೆ ಪಾಲಿಫೋನಿ ದಿನಾಂಕ ಕೊಟ್ಟಿಲ್ಲ. ಹಾಗಾದರೆ ಹಿಂದಿನ ಹೆಜ್ಜೆಗಳನ್ನು ನೋಡುವುದೊಂದೇ ದಾರಿ. ಮೊದಲನೆಯದು 1997ರ ಡಿಸೆಂಬರಿನಲ್ಲಿ, ಎರಡನೆಯದು 1999ರಲ್ಲಿ, ಮೂರನೆಯದು 2001ರಲ್ಲಿ, ನಾಲ್ಕನೆಯದು 2004ರ ಡಿಸೆಂಬರಿನಲ್ಲಿ, ಐದನೆಯದು 2010ರ ನವೆಂಬರಿನಲ್ಲಿ, ಆರನೆಯದು 2013ರಲ್ಲಿ, ಸ್ಪೋರ್ಟ್ 2017ರಲ್ಲಿ, ಏಳನೆಯದು 2022ರಲ್ಲಿ ಬಂದವು. ಆರಂಭದ ದಿನಗಳಿಗೆ ಹೋಲಿಸಿದರೆ ಅಂತರ ಒಟ್ಟಾರೆ ಹಿಗ್ಗಿದೆ. ನಾಲ್ಕು ಮತ್ತು ಐದರ ನಡುವೆ ಸುಮಾರು ಆರು ವರ್ಷ ಸಂದವು. 2025ರ ಡಿಸೆಂಬರಿನಲ್ಲೂ ಏಳನೆಯದಕ್ಕೆ ದೊಡ್ಡ ಅಪ್‌ಡೇಟ್ ಮತ್ತು ಹಣದ ಪ್ಯಾಕ್ ಎರಡನ್ನೂ ತಂದ ಸಂಸ್ಥೆ, ಮರುಕ್ಷಣವೇ ಎಂಟನೆಯದನ್ನು ಅಂಗಡಿಗೆ ತರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನೂ ಒಂದು ಅನುಭವದ ಮಾತಿದೆ. ಈ ಸರಣಿಯ ಆಟಗಳು ಬಂದ ದಿನ ಅರೆಬೆಂದಿರುತ್ತವೆ, ವರ್ಷ ಕಳೆದಂತೆ ಹದವಾಗುತ್ತವೆ. ಸ್ಪೋರ್ಟ್ ಬಂದಾಗ ಒಬ್ಬರೇ ಆಡುವ ಲೀಗ್ ಇರಲೇ ಇಲ್ಲ, ಡಿಸೆಂಬರಿನಲ್ಲಿ ಸೇರಿಸಿದರು. ಏಳನೆಯದು ಬಂದಾಗ ಕೊಂಡ ಕಾರನ್ನು ಮಾರಲೂ ಆಗುತ್ತಿರಲಿಲ್ಲ. ಎಂಟನೆಯದು ಬಂದ ದಿನವೇ ಸಾಲಿನಲ್ಲಿ ನಿಂತವರು, ಅದು ಹದಕ್ಕೆ ಬರಲು ಇನ್ನೊಂದು ವರ್ಷ ಕೊಡಬೇಕಾಗುತ್ತದೆ. ಇಂದಿನ ಏಳನೆಯದು ಮಾತ್ರ ಈಗಾಗಲೇ ಮಾಗಿದ ಹಣ್ಣು.

ಹೊರೈಜನ್ ಕಡೆ ಕಾಯುವವರಿಗೆ ಹೆಚ್ಚು ಖಚಿತವಾದ ಸುದ್ದಿ ಇದೆ. ಜಪಾನಿನಲ್ಲಿ ನಡೆಯುವ ಹೊರೈಜನ್ 6 ಅನ್ನು 2025ರ ಸೆಪ್ಟೆಂಬರಿನಲ್ಲಿ ಟೋಕಿಯೊ ಗೇಮ್ ಶೋನಲ್ಲಿ ಪ್ರಕಟಿಸಿದರು. 2026ರಲ್ಲಿ ಮೊದಲು ಎಕ್ಸ್‌ಬಾಕ್ಸ್ ಮತ್ತು ಪಿಸಿಗೆ, ಆಮೇಲೆ ಪಿಎಸ್ 5ಕ್ಕೆ ಎಂದು ಹೇಳಿದರು. ಜಪಾನ್ ಬೇಕು ಎಂದು ಅಭಿಮಾನಿಗಳು ವರ್ಷಗಳಿಂದ ಕೇಳುತ್ತಿದ್ದದ್ದು ಕಡೆಗೂ ಈಡೇರಿದ ಬಗೆ ಇದು.

ಯಾರಿಗೆ ಯಾವುದು

ಪಿಎಸ್ 5 ಇದೆ, ಮನೆಯಲ್ಲಿ ಇಂಟರ್ನೆಟ್ ತಕ್ಕಮಟ್ಟಿಗೆ ನೆಟ್ಟಗಿದೆ, ಟ್ರ್ಯಾಕ್ ಮೇಲಿನ ನಿಖರವಾದ ಓಟವೇ ಇಷ್ಟ ಎನ್ನುವವರು ಕಾಯದೆ ಏಳನೆಯದನ್ನು ಕೊಳ್ಳಲಿ. ಮೊದಲು ಮೂಲ ಆಟದ ಡಿಸ್ಕ್, ಅದೂ ಬೆಲೆ ಇಳಿದಾಗ. ಮೆನುಗಳನ್ನು ಮುಗಿಸಿ, ನಿಜವಾದ ಓಟ ಬೇಕು ಅನ್ನಿಸಿದರೆ ಮಾತ್ರ ಪವರ್ ಪ್ಯಾಕ್. ಡಿಸ್ಕ್ ಎಂದು ಒತ್ತಿ ಹೇಳಲು ಕಾರಣವಿದೆ, ಮುಗಿದ ಮೇಲೆ ಅದನ್ನು ಮಾರಬಹುದು.

ಪಿಎಸ್ 4 ಇಟ್ಟುಕೊಂಡಿರುವವರು ನಮ್ಮ ಕಡೆ ಇನ್ನೂ ಬೇಕಾದಷ್ಟಿದ್ದಾರೆ. ಅವರಿಗೂ ಏಳನೆಯದು ಓಡುತ್ತದೆ, ಆದರೆ ಸೋಫಿ, ನಾಲ್ವರ ಆಟ, ಪವರ್ ಪ್ಯಾಕ್ ಯಾವುದೂ ಸಿಗುವುದಿಲ್ಲ. ಅಂಥವರು ಸೆಕೆಂಡ್ ಹ್ಯಾಂಡ್‌ನಲ್ಲಿ ಗ್ರಾನ್ ಟ್ಯುರಿಸ್ಮೊ ಸ್ಪೋರ್ಟ್ ಡಿಸ್ಕ್ ಸಿಕ್ಕರೆ ಅದನ್ನೇ ಆಡುತ್ತಾ, ಹೊಸ ಕನ್ಸೋಲ್‌ಗೆ ಹಣ ಕೂಡಿಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕಾಯುವ ಸಲಹೆಯನ್ನು ನಾನು ಮನಸ್ಸಿಟ್ಟು ಕೊಡುವುದು ಇವರಿಗೆ ಮಾತ್ರ.

ಕರೆಂಟು, ಇಂಟರ್ನೆಟ್ ಎರಡನ್ನೂ ನಂಬಲಾಗದ ಊರಿನವರಿಗೆ, ಮತ್ತು ಗುರಿ ಇಲ್ಲದೆ ರಸ್ತೆ ಸುತ್ತುವುದೇ ಸುಖ ಎನ್ನುವವರಿಗೆ ಹೊರೈಜನ್ 5. ಅದು ನಡೆಯುವ ಮೆಕ್ಸಿಕೊದಲ್ಲಿ, ಗ್ವಾನಾಹುವಾತೊ ನಗರದ ಸುರಂಗಗಳಿಂದ ಹೊರಟು ಜ್ವಾಲಾಮುಖಿಯ ನೆತ್ತಿಯವರೆಗೆ ಒಂದೇ ಉಸಿರಿನಲ್ಲಿ ಹೋಗಬಹುದು. ಎಕ್ಸ್‌ಬಾಕ್ಸ್ ಆಗಲೇ ಮನೆಯಲ್ಲಿದ್ದರೆ, ಮೈಕ್ರೋಸಾಫ್ಟ್‌ನ ಚಂದಾ ಯೋಜನೆಯಾದ ಗೇಮ್ ಪಾಸ್ ಇದ್ದರೆ, ಮೋಟಾರ್‌ಸ್ಪೋರ್ಟ್‌ನ ಓಟಗಳನ್ನೂ ಖಂಡಿತ ಆಡಿ ನೋಡಬೇಕು. ಅದಕ್ಕೆಂದೇ ಕನ್ಸೋಲ್ ಕೊಳ್ಳಬಾರದು.

ಅಕ್ಕನ ಮಗ ಈಗ ಮೈಸೂರಿನ ಹಾಸ್ಟೆಲಿನಲ್ಲಿದ್ದಾನೆ. ರಜೆಗೆ ಬಂದಾಗ ಆಡಲೆಂದು ಮನೆಯ ಪಿಎಸ್ 5ರಲ್ಲಿ ಏಳನೆಯದರ ಜೊತೆ ಹೊರೈಜನ್ 5 ಅನ್ನೂ ಹಾಕಿಟ್ಟಿದ್ದೇನೆ. ಇಂಟರ್ನೆಟ್ ಇರುವ ಸಂಜೆ ಲ ಮಾನ್, ಇಲ್ಲದ ಸಂಜೆ ಮೆಕ್ಸಿಕೊ. ಎಂಟನೆಯದು ಬಂದ ದಿನ ಪೆಟ್ಟಿಗೆಯ ಹಿಂಬದಿಯಲ್ಲಿ ನಾವಿಬ್ಬರೂ ಮೊದಲು ಹುಡುಕುವುದು ಕಾರುಗಳ ಸಂಖ್ಯೆಯನ್ನಲ್ಲ, ಆಡಲು ಇಂಟರ್ನೆಟ್ ಬೇಕೆಂದು ಬರೆದಿದೆಯೋ ಇಲ್ಲವೋ ಎಂಬ ಆ ಸಣ್ಣ ಅಕ್ಷರದ ಸಾಲನ್ನು.